ಥರ್ಮೋಕೋಲ್ ಬೆರೆಸಿದ ಕಾಂಕ್ರೀಟ್: ಗೋಡೆಗೆ ಸರಿಯೇ, ತಾರಸಿಗೆ ಸರಿಯೇ?

ಪ್ರಶ್ನೆ: ಹಳೆಯ ಮನೆಯ ಮೇಲೆ ಒಂದು ಕೋಣೆ ಹಾಕಿಕೊಂಡಿದ್ದೇವೆ. ಕಂಬ, ತೊಲೆ, ತಾರಸಿ ಎಲ್ಲ ಎಂಜಿನಿಯರ್ ಹೇಳಿದಂತೆಯೇ ಆಗಿವೆ. ಈಗ ಒಳಗೆ ಅಡ್ಡಗೋಡೆ ಕಟ್ಟಬೇಕು. ತಾರಸಿಯ ಮೇಲೆ ನೀರು ಹರಿಯಲು ಇಳಿಜಾರು ಕೊಡಬೇಕು. "ಇನ್ನು ಭಾರ ಜಾಸ್ತಿ ಹಾಕಬೇಡಿ" ಎಂದು ಎಂಜಿನಿಯರ್ ಎಚ್ಚರಿಸಿದ್ದಾರೆ. ನನ್ನ ಕೆಲಸದ ಜಾಗದಲ್ಲಿ ಟಿವಿ, ಫ್ರಿಜ್ ಪ್ಯಾಕಿಂಗಿನ ಥರ್ಮೋಕೋಲ್ ರಾಶಿ ಬಿದ್ದಿದೆ. ಅದನ್ನು ಪುಡಿ ಮಾಡಿ, ಸಿಮೆಂಟು ಮರಳಿಗೆ ಬೆರೆಸಿ 14 ಬ್ಲಾಕ್ ಮಾಡಿ ನೋಡಿದೆ. ಅರ್ಧ ಪುಡಿ ತೇಲಿ ಮೇಲೆ ಬಂತು. ಒಣಗಿದ ಮೇಲೆ ಉಗುರಿನಿಂದ ಕೆರೆದರೆ ಕಾಳು ಉದುರುತ್ತವೆ. ಒಬ್ಬರು "ಬೆಂಕಿ ಬಿದ್ದರೆ ಗೋಡೆಯೇ ಉರಿಯುತ್ತೆ" ಎನ್ನುತ್ತಾರೆ. ಇನ್ನೊಬ್ಬರು ಗೋಡೆಯಿಂದ ವಿಷಗಾಳಿ ಬರುತ್ತೆ ಎನ್ನುತ್ತಾರೆ. ಥರ್ಮೋಕೋಲನ್ನು ಪೆಟ್ರೋಲಿನಲ್ಲಿ ಕರಗಿಸಿ ಬೆರೆಸಿದರೆ ಗಟ್ಟಿಯಾಗುತ್ತೆ ಎಂದವರೂ ಇದ್ದಾರೆ. ಕಸವೂ ಖಾಲಿಯಾಗಲಿ, ಗೋಡೆಯೂ ಆಗಲಿ ಅನ್ನೋದು ನನ್ನ ಆಸೆ. ಮುಂದುವರಿಯಬಹುದೇ?

ಉತ್ತರ: ಮೊದಲು ಪೆಟ್ರೋಲಿನ ಮಾತು ಮುಗಿಸಿಬಿಡೋಣ. ದಯವಿಟ್ಟು ಬೇಡ. ಪೆಟ್ರೋಲ್, ಥಿನ್ನರ್, ಅಸಿಟೋನ್ ಯಾವುದರಲ್ಲಿ ಹಾಕಿದರೂ ಥರ್ಮೋಕೋಲ್ ಕುಸಿದು ಅಂಟಾಗುತ್ತದೆ, ನಿಜ. ಆ ಅಂಟು ಸಿಮೆಂಟಿನ ಕಣಗಳಿಗೆ ಮೆತ್ತಿಕೊಂಡರೆ ನೀರು ಒಳಗೆ ಹೋಗುವುದಿಲ್ಲ, ಸಿಮೆಂಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕೋಣೆಯ ನೆಲದ ಮೇಲೆ ಹರಡಿಕೊಂಡು ಒಂದು ಕಿಡಿಗೆ ಕಾಯುತ್ತಿರುತ್ತದೆ. ಇನ್ನೊಂದು ನಷ್ಟವೂ ಇದೆ. ಥರ್ಮೋಕೋಲಿನಲ್ಲಿ ಸುಮಾರು 98 ಭಾಗ ಗಾಳಿ, ಪ್ಲಾಸ್ಟಿಕ್ ಬರೀ 2 ಭಾಗ. ಕರಗಿಸಿದರೆ ಓಡಿಹೋಗುವುದು ಆ ಗಾಳಿಯೇ. ನಿಮಗೆ ಬೇಕಾಗಿರೋದೂ ಅದೇ ಅಲ್ವಾ?

ಇಡೀ ವಿಷಯ ನಿಂತಿರುವುದು ಇದರ ಮೇಲೆ. ಕಾಂಕ್ರೀಟಿನೊಳಗೆ ಥರ್ಮೋಕೋಲ್ ಕಾಳು ಯಾವ ಕೆಲಸವನ್ನೂ ಮಾಡುವುದಿಲ್ಲ. ಸುಮ್ನೆ ಜಾಗ ಹಿಡಿದುಕೊಂಡು ಕೂತಿರುತ್ತದೆ. ತೆಳ್ಳನೆಯ ಪ್ಲಾಸ್ಟಿಕ್ ಗೋಡೆಯ ಒಂದು ತೂತು ಅನ್ನಿ. ಭಾರ ಹೊರುವುದೆಲ್ಲ ಕಾಳುಗಳ ನಡುವೆ ಉಳಿದ ಸಿಮೆಂಟ್ ಗಾರೆ. ತೂತು ಹೆಚ್ಚಿದಷ್ಟೂ ಹಗುರ, ಹೆಚ್ಚಿದಷ್ಟೂ ದುರ್ಬಲ. ಕಾಳು ಸಣ್ಣದಿದ್ದರೆ ಅದೇ ಪ್ರಮಾಣದಲ್ಲೂ ಶಕ್ತಿ ಸ್ವಲ್ಪ ಜಾಸ್ತಿ ಸಿಗುತ್ತದೆ. ದೊಡ್ಡ ಚೂರು ಹಾಕಿದಲ್ಲಿ ಬಿರುಕು ಅಲ್ಲಿಂದಲೇ ಶುರು. ಇದೇನು ಹೊಸ ವಿದ್ಯೆಯಲ್ಲ. ಈ ಫೋಮ್ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ, ಜರ್ಮನಿಯ ಬಿಎಎಸ್ಎಫ್ ಕಂಪನಿಯಿಂದ. ಕಾಳನ್ನು ಕಾಂಕ್ರೀಟಿಗೆ ಬೆರೆಸುವ ಪ್ರಯೋಗಗಳಿಗೂ 50 ವರ್ಷ ದಾಟಿದೆ. ಹಾಗಾಗಿ ಎಲ್ಲಿ ಒಳ್ಳೆಯದು, ಎಲ್ಲಿ ಕೈಕೊಡುತ್ತದೆ ಅನ್ನುವುದು ಈಗ ಗುಟ್ಟಲ್ಲ.

ನಿಮ್ಮ 14 ಬ್ಲಾಕಿಗೆ ಏನಾಯಿತು ಅಂತ ನೋಡೋಣ. ಪ್ಯಾಕಿಂಗ್ ಥರ್ಮೋಕೋಲ್ ಒಂದು ಘನ ಮೀಟರಿಗೆ 15ರಿಂದ 25 ಕಿಲೋ ತೂಗುತ್ತದೆ. ಹಸಿ ಗಾರೆ ಸುಮಾರು 2000 ಕಿಲೋ. ನೂರು ಪಟ್ಟು ವ್ಯತ್ಯಾಸ. ಸಾಲದ್ದಕ್ಕೆ ಈ ಕಾಳಿಗೆ ನೀರು ಕಂಡರಾಗದು. ನೀರು ಜಾಸ್ತಿಯಾಗಿ ಗಾರೆ ತೆಳುವಾದರೆ ಕಾಳು ಮೇಲೆ ಬರುತ್ತದೆ. ಅಲುಗಾಡಿಸಿದರಂತೂ ಕೇಳಲೇಬೇಡಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಗಟ್ಟಿಯಾಗಲಿ ಎಂದು ಇಂಥ ಮಿಶ್ರಣಕ್ಕೆ ನೀಡಲ್ ವೈಬ್ರೇಟರ್ (ಕಾಂಕ್ರೀಟಿನೊಳಗೆ ಇಟ್ಟು ನಡುಗಿಸುವ ಯಂತ್ರ) ಇಳಿಸಿದ್ದೆ. ಮರುದಿನ ಅಚ್ಚು ಬಿಚ್ಚಿದರೆ ಕೆಳಗೆ ಬರೀ ಗಾರೆ, ಮೇಲೆ ಬರೀ ಕಾಳು. ಅಂಗೈಯಿಂದ ಒರೆಸಿದರೆ ಮೇಲಿನ ಅರ್ಧ ಕೆಳಗೆ ಬೀಳುತ್ತಿತ್ತು. ಮಾಮೂಲಿ ಕಾಂಕ್ರೀಟಿಗೆ ಒಳ್ಳೆಯದಾದ ವೈಬ್ರೇಟರ್ ಇದಕ್ಕೆ ವಿಷ. ಕೋಲಿನಿಂದಲೋ ಹಲಗೆಯಿಂದಲೋ ಮೆಲ್ಲಗೆ ತಟ್ಟಿ ಕೂರಿಸಬೇಕು.

ಬೆರೆಸುವ ಕ್ರಮವೂ ಬೇರೆ. ಮೊದಲು ಮಿಕ್ಸರಿಗೆ ಥರ್ಮೋಕೋಲ್ ಹಾಕಿ. ಅಳೆದಿಟ್ಟ ನೀರಿನಲ್ಲಿ ಮೂರನೇ ಒಂದು ಭಾಗಕ್ಕೆ ಅಕ್ರಿಲಿಕ್ ಅಥವಾ ಎಸ್‌ಬಿಆರ್ ಲೇಟೆಕ್ಸ್ (ಸಿಮೆಂಟ್ ಚೆನ್ನಾಗಿ ಅಂಟಲು ಬೆರೆಸುವ ಹಾಲಿನಂಥ ದ್ರವ) ಸೇರಿಸಿ ಕಾಳನ್ನು ಒದ್ದೆ ಮಾಡಿ. ಡಬ್ಬದ ಮೇಲೆ ಬರೆದ ಪ್ರಮಾಣ ಸಾಕು. ಆಮೇಲೆ ಸ್ವಲ್ಪ ಸಿಮೆಂಟ್ ಉದುರಿಸಿ ತಿರುಗಿಸಿ. ಬೂದಿ ಮೆತ್ತಿದ ಬಿತ್ತನೆ ಬೀಜದ ಹಾಗೆ ಪ್ರತಿ ಕಾಳಿಗೂ ಸಿಮೆಂಟ್ ಅಂಟಬೇಕು. ಬಿಳಿ ಕಾಣುವುದು ನಿಂತ ಮೇಲೆ ಉಳಿದ ಸಿಮೆಂಟ್, ಮರಳು, ಕೊನೆಗೆ ಉಳಿದ ನೀರು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ಹಾಗೇ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು.

ಪ್ರಮಾಣ ಕೇಳುತ್ತೀರಿ. ಬ್ಲಾಕಿಗಾದರೆ 50 ಕಿಲೋ ಸಿಮೆಂಟಿಗೆ ಸಣ್ಣ ಮರಳು 65 ಕಿಲೋ, ನೀರು 21 ಲೀಟರಿನ ಆಸುಪಾಸು, ಪುಡಿ ಮಾಡಿದ ಥರ್ಮೋಕೋಲ್ ಸಡಿಲವಾಗಿ ತುಂಬಿದರೆ 130 ಲೀಟರ್ ಇಟ್ಟುಕೊಂಡು ಶುರು ಮಾಡಿ. ಮರಳು ಒದ್ದೆಯಿದ್ದರೆ ನೀರು ಅಷ್ಟು ಕಡಿಮೆ. ಒಂದು ಘನ ಮೀಟರಿಗೆ 950 ಕಿಲೋದಷ್ಟು ತೂಗುವ ಕಾಂಕ್ರೀಟ್ ಸಿಗುತ್ತದೆ. ಮಾಮೂಲಿ ಕಾಂಕ್ರೀಟ್ 2400. ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಬಕೆಟಿನಲ್ಲಿ ಅಳೆದ 130 ಲೀಟರಿನಲ್ಲಿ ಕಾಳುಗಳ ನಡುವಿನ ಸಂದಿಯೂ ಸೇರಿರುತ್ತದೆ. ಗಾರೆ ಆ ಸಂದಿಯನ್ನು ತುಂಬಿಕೊಳ್ಳುತ್ತದೆ. ಹಾಗಾಗಿ ಥರ್ಮೋಕೋಲ್ ನಿಜವಾಗಿ ಹಿಡಿಯುವ ಜಾಗ 80 ಲೀಟರಿಗಿಂತ ಕಡಿಮೆ. ಪುಡಿ ಎಷ್ಟು ಒರಟು ಅನ್ನುವುದರ ಮೇಲೆ ಈ ಲೆಕ್ಕ ಬದಲಾಗುತ್ತದೆ. ಅದಕ್ಕೇ ಬಕೆಟ್ ಲೆಕ್ಕ ನಂಬಿ ಕೂರಬೇಡಿ, ಪ್ರತಿ ಸಲ ಹಸಿ ಮಿಶ್ರಣವನ್ನು ತೂಗಿ. 10 ಲೀಟರ್ ಬಕೆಟಿನಲ್ಲಿ 9.5 ಕಿಲೋ ಬಂದರೆ ದಾರಿಯಲ್ಲಿದ್ದೀರಿ.

ಇಷ್ಟೆಲ್ಲ ಸರಿಯಾಗಿ ಮಾಡಿ, ಒಂದು ವಾರ ಒದ್ದೆಯಾಗಿಟ್ಟರೆ 28ನೇ ದಿನಕ್ಕೆ 3ರಿಂದ 5 ಮೆಗಾಪ್ಯಾಸ್ಕಲ್ (ಎಷ್ಟು ಒತ್ತಡ ತಡೆಯುತ್ತದೆ ಅನ್ನುವ ಅಳತೆ) ಶಕ್ತಿ ಬರಬಹುದು. ಭಾರ ಹೊರದ ಗೋಡೆಯ ಬ್ಲಾಕಿಗೆ ಅಮೆರಿಕದ ಎಎಸ್‌ಟಿಎಂ ಮಾನದಂಡ ಕೇಳುವುದು ಮೂರು ಬ್ಲಾಕಿನ ಸರಾಸರಿ 4.1. ಅಂದರೆ ನೀವು ಗೆರೆಯ ಮೇಲೆಯೇ ನಿಂತಿದ್ದೀರಿ. ಅಡ್ಡಗೋಡೆಗೆ ನಡೆಯಬಹುದು. ಕಂಬ, ತೊಲೆ, ಕಿಟಕಿ ಬಾಗಿಲ ಮೇಲಿನ ಲಿಂಟೆಲ್, ಮೇಲಿನ ತಾರಸಿ ಹೊರುವ ಗೋಡೆ ಯಾವುದಕ್ಕೂ ಇದು ಬೇಡ. ಹಗುರ ಕಾಂಕ್ರೀಟಿನಲ್ಲೇ ಕಟ್ಟಡದ ಭಾರ ಹೊರುವ ಜಾತಿ ಬೇರೆ ಇದೆ. ಅದಕ್ಕೆ ಕನಿಷ್ಠ 17 ಮೆಗಾಪ್ಯಾಸ್ಕಲ್ ಬೇಕು ಎನ್ನುತ್ತದೆ ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್. ಹಿತ್ತಲಲ್ಲಿ ಪುಡಿ ಮಾಡಿದ ಥರ್ಮೋಕೋಲಿನಿಂದ ಅಲ್ಲಿಗೆ ಮುಟ್ಟುವ ಕನಸು ಬಿಡಿ.

ಇನ್ನು ಬೆಂಕಿ. ನಿಮ್ಮವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಬಿಡಿ ಥರ್ಮೋಕೋಲ್ ಹಾಳೆಗೆ ಬೆಂಕಿ ಬೇಗ ಹತ್ತುತ್ತದೆ, ಕಪ್ಪು ಹೊಗೆ ಬರುತ್ತದೆ. ಆದರೆ ಬ್ಲಾಕಿನಲ್ಲಿ ಅದು ತೂಕದ ಲೆಕ್ಕದಲ್ಲಿ ನೂರಕ್ಕೆ ಒಂದು ಭಾಗ ಮಾತ್ರ, ಪ್ರತಿ ಕಾಳಿಗೂ ಸಿಮೆಂಟಿನ ಚಿಪ್ಪು. ಗಾಳಿ ಸಿಗದೆ ಗೋಡೆ ತಾನಾಗಿ ಧಗಧಗ ಉರಿಯುವುದಿಲ್ಲ. ಹಾಗಂತ ಏನೂ ಆಗುವುದಿಲ್ಲ ಎಂದಲ್ಲ. ಥರ್ಮೋಕೋಲಿನ ಪ್ಲಾಸ್ಟಿಕ್, ಅಂದರೆ ಪಾಲಿಸ್ಟೈರೀನ್, 100 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಮೆತ್ತಗಾಗಿ ಕುಗ್ಗುತ್ತದೆ. ಬೆಂಕಿಯ ಕಡೆಯ ಮುಖದಲ್ಲಿ ಕಾಳು ಕರಗಿ ನಿಜವಾದ ತೂತುಗಳಾಗುತ್ತವೆ, ಹೊಗೆಯೂ ಬರುತ್ತದೆ. 10 ಸೆಂಟಿಮೀಟರ್ ಗೋಡೆಯ ಒಂದು ಚದರ ಮೀಟರಿನಲ್ಲಿ ಸುಮಾರು 1 ಕಿಲೋ ಪ್ಲಾಸ್ಟಿಕ್ ಇರುತ್ತದೆ. ಪೂರ್ತಿ ಉರಿದರೆ ಎರಡೂವರೆ ಕಿಲೋ ಒಣ ಸೌದೆಯಷ್ಟು ಶಾಖ. ಹಾಗಾಗಿ ಎರಡೂ ಕಡೆ 12ರಿಂದ 15 ಮಿಲಿಮೀಟರ್ ಸಿಮೆಂಟ್ ಪ್ಲಾಸ್ಟರ್ ಇರಲೇಬೇಕು. ಒಲೆಯ ಹಿಂದೆ, ಹೊಗೆ ಕೊಳವೆಯ ಸುತ್ತ, ಓಡಿಹೋಗುವ ದಾರಿಯಾದ ಮೆಟ್ಟಿಲ ಪಕ್ಕ ಈ ಬ್ಲಾಕ್ ಬೇಡ. ದೊಡ್ಡ ಬೆಂಕಿ ಕಂಡ ಗೋಡೆ ನೋಡಲು ನೆಟ್ಟಗಿದ್ದರೂ ಕೆಡವಿಯೇ ಕಟ್ಟಬೇಕು.

ವಿಷಗಾಳಿಯ ಭಯ ಬಿಡಿ. ಸ್ಟೈರೀನ್ ಅನ್ನುವ ಮೂಲ ರಾಸಾಯನಿಕ ಅಪಾಯಕಾರಿ ಹೌದು. ಆದರೆ ಥರ್ಮೋಕೋಲ್ ಆದ ಮೇಲೆ ಅದು ಸರಪಳಿಯಾಗಿ ಕಟ್ಟಿಕೊಂಡಿರುತ್ತದೆ, ಬಿಡಿಯಾಗಿ ಉಳಿಯುವುದು ಅತಿ ಕಡಿಮೆ. ಉಬ್ಬಿಸಲು ಬಳಸಿದ ಪೆಂಟೇನ್ ಅನಿಲ ಹಳೆಯ ಪ್ಯಾಕಿಂಗಿನಿಂದ ಯಾವತ್ತೋ ಹೊರಟುಹೋಗಿರುತ್ತದೆ. ಸಿಮೆಂಟಿನ ಕ್ಷಾರಕ್ಕೂ ಪಾಲಿಸ್ಟೈರೀನ್ ಕರಗದು, ಕೊಳೆಯದು. ಇರುವೆ, ಗೆದ್ದಲು ಬಿಡಿ ಹಾಳೆಯಲ್ಲಿ ಬಿಲ ಕೊರೆಯುತ್ತವೆ. ಸಿಮೆಂಟಿನೊಳಗೆ ಹೂತ ಕಾಳಿನ ತಂಟೆಗೆ ಹೋಗುವುದಿಲ್ಲ. ಹೆದರಬೇಕಾದದ್ದು ಬಿಸಿ ತಂತಿಯಿಂದ ಥರ್ಮೋಕೋಲ್ ಕತ್ತರಿಸುವಾಗಿನ ಹೊಗೆಗೆ, ಸುಟ್ಟಾಗಿನ ಹೊಗೆಗೆ.

ಮತ್ತು ಯಾವ ಫೋಮ್ ತರುತ್ತೀರಿ ಅನ್ನುವುದಕ್ಕೆ. ಇದನ್ನು ಬಹಳ ಮಂದಿ ಕೇಳುವುದೇ ಇಲ್ಲ. ಮುರಿದರೆ ಕಾಳು ಕಾಳಾಗಿ ಬಿರಿಯುವ ಬಿಳಿ ಪ್ಯಾಕಿಂಗ್ ಮಾತ್ರ ತೆಗೆದುಕೊಳ್ಳಿ. ಬಾಗಿ ಮತ್ತೆ ಚಿಮ್ಮುವುದು ಪಾಲಿಥಿಲೀನ್, ಬೇಡ. ನೀರು ಹೀರುವ ಸ್ಪಂಜು ಬೇಡ. ಎಣ್ಣೆ ಹತ್ತಿದ ತಟ್ಟೆಗಳು ಬೇಡ, ಸಿಮೆಂಟ್ ಅಂಟುವುದಿಲ್ಲ. ಹಳೆಯ ಕಟ್ಟಡ ಕೆಡವಿದಾಗ ಸಿಗುವ ಶಾಖನಿರೋಧಕ ಹಾಳೆಗಳಲ್ಲಿ ಎಚ್‌ಬಿಸಿಡಿ ಎಂಬ ಬೆಂಕಿತಡೆ ರಾಸಾಯನಿಕ ಇರಬಹುದು. ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಅದನ್ನು 2013ರಲ್ಲಿ ಸೇರಿಸಿದ್ದಾರೆ. ಅಂಥದ್ದನ್ನು ಹೊಸ ಗೋಡೆಯಲ್ಲಿ ಹೂಳುವುದು ಮರುಬಳಕೆಯಲ್ಲ, ಮುಂದಿನವರ ತಲೆಗೆ ಕಟ್ಟುವುದು. ನೀವು ಫ್ರಿಜ್ ಅಂದಿರಿ, ಅದಕ್ಕೆ ಇನ್ನೊಂದು ಮಾತು. ಫ್ರಿಜ್ ಸುತ್ತ ಬರುವ ಬಿಳಿ ಪ್ಯಾಕಿಂಗ್ ಸರಿ. ಹಳೆಯ ಫ್ರಿಜ್ಜಿನ ಗೋಡೆಯೊಳಗಿನ ಹಳದಿ ಫೋಮ್ ಬೇರೆಯೇ ವಸ್ತು, ಪಾಲಿಯುರೆಥೇನ್. ತುಂಬ ಹಳೆಯದಾದರೆ ಓಝೋನ್ ಪದರ ಕೆಡಿಸುವ ಸಿಎಫ್‌ಸಿ ಅನಿಲ ಅದರಲ್ಲಿ ಹಿಡಿದುಕೊಂಡಿರುತ್ತದೆ. ಮುಟ್ಟಬೇಡಿ.

ಗೋಡೆ ಕಟ್ಟಿದ ಮೇಲಿನ ತಾಪತ್ರಯಗಳೂ ಇವೆ. ಈ ಕಾಂಕ್ರೀಟ್ ಒಣಗುವಾಗ ಮಾಮೂಲಿಗಿಂತ ಜಾಸ್ತಿ ಕುಗ್ಗುತ್ತದೆ. ಜಲ್ಲಿಯಾದರೆ ಕುಗ್ಗುವುದನ್ನು ತಡೆಯುತ್ತದೆ, ಥರ್ಮೋಕೋಲ್ ತಾನೂ ಅಮುಕಿಕೊಳ್ಳುತ್ತದೆ. ಹಾಗಾಗಿ 28 ದಿನ ಕಳೆಯದ ಬ್ಲಾಕಿನಿಂದ ಕಟ್ಟಿದರೆ ಪ್ಲಾಸ್ಟರಿನಲ್ಲಿ ಜೇಡರಬಲೆ ಕಾಣುತ್ತೀರಿ. ಕಂಬಕ್ಕೆ ಗೋಡೆ ಸೇರುವಲ್ಲಿ ಜಾಲರಿ ಹಾಕಿಸಿ. ಕತ್ತರಿಸಿದ ಮುಖದಲ್ಲಿ ಕಾಳು ಹೊರಗೆ ಇಣುಕುವುದರಿಂದ ಗಾರೆ ಜಾರುತ್ತದೆ. ಮೊದಲು ಸಿಮೆಂಟು ಲೇಟೆಕ್ಸ್ ತಿಳಿ ಎರಚಿ, ಒರಟಾದ ಮೇಲೆ ಪ್ಲಾಸ್ಟರ್. ಥಿನ್ನರ್ ಇರುವ ಅಂಟು, ಪ್ರೈಮರ್ ಬಳಸಿದರೆ ಮುಖದ ಕಾಳು ಕರಗಿ ಗುಳಿ ಬೀಳುತ್ತದೆ.

ವಿದ್ಯುತ್ ತಂತಿಯ ವಿಷಯ ಎಲೆಕ್ಟ್ರಿಷಿಯನ್‌ಗಳಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ತಂತಿಯ ಮೇಲಿನ ಮೆತ್ತನೆಯ ಪಿವಿಸಿ ಹೊದಿಕೆ ಥರ್ಮೋಕೋಲಿಗೆ ನೇರವಾಗಿ ತಾಗಿದ್ದರೆ, ಅದನ್ನು ಮೆತ್ತಗಿಟ್ಟ ಎಣ್ಣೆಯಂಥ ಅಂಶವನ್ನು ಥರ್ಮೋಕೋಲ್ ವರ್ಷಗಟ್ಟಲೆ ಹೀರುತ್ತದೆ. ಹೊದಿಕೆ ಸೆಡೆತು ಬಿರುಕು ಬಿಡುತ್ತದೆ. ಗೋಡೆ ಕೊರೆದು ತಂತಿಯನ್ನು ಬರಿದೇ ಹೂಳಬೇಡಿ, ಗಟ್ಟಿ ಕೊಳವೆಯೊಳಗೆ ಎಳೆಸಿ. ಗೀಸರ್, ಗೋಡೆ ಕಪಾಟು ಬರುವ ಜಾಗ ಈಗಲೇ ಗುರುತಿಸಿ, ಅಲ್ಲಿ ಮಾಮೂಲಿ ಕಾಂಕ್ರೀಟ್ ಬ್ಲಾಕ್ ಸೇರಿಸಿ. ಮಾಮೂಲಿ ಸ್ಕ್ರೂ ಪ್ಲಗ್ ಈ ಗೋಡೆಯಲ್ಲಿ ಎಳೆದರೆ ಕೈಗೆ ಬರುತ್ತದೆ. ಥರ್ಮೋಕೋಲ್ ಇದ್ದರೆ ಸದ್ದು ತಡೆಯುತ್ತದೆ ಅನ್ನುವುದೂ ತಪ್ಪು ನಂಬಿಕೆ. ಸದ್ದು ತಡೆಯಲು ಗೋಡೆಗೆ ಭಾರ ಬೇಕು. ಹಗುರವಾದಷ್ಟೂ ಪಕ್ಕದ ಕೋಣೆಯ ಮಾತು ಚೆನ್ನಾಗಿ ಕೇಳಿಸುತ್ತದೆ.

ಈಗ ಭಾರದ ಲೆಕ್ಕ. 10 ಸೆಂಟಿಮೀಟರ್ ಗೋಡೆಗೆ ಚದರ ಮೀಟರಿಗೆ ಘನ ಕಾಂಕ್ರೀಟ್ ಬ್ಲಾಕ್ ಸುಮಾರು 220 ಕಿಲೋ, ನಿಮ್ಮದು 95. ಎರಡೂ ಕಡೆಯ ಪ್ಲಾಸ್ಟರಿಗೆ ಇನ್ನೊಂದು 50 ಕಿಲೋ ಸೇರಿಸಲು ಮರೆಯಬೇಡಿ. ಉಳಿತಾಯ ದೊಡ್ಡದೇ. ಆದರೆ ಕಾರ್ಖಾನೆಯಲ್ಲಿ ಆವಿಯಲ್ಲಿ ಬೇಯಿಸಿದ ಎಎಸಿ ಬ್ಲಾಕ್ 60 ಕಿಲೋ ಆಸುಪಾಸು ತೂಗುತ್ತದೆ. ಶಕ್ತಿ ನಿಮ್ಮದಕ್ಕೆ ಸಮ, ಪ್ರತಿ ಬ್ಲಾಕೂ ಒಂದೇ ಥರ, ಒಳಗೆ ಪ್ಲಾಸ್ಟಿಕ್ ಇಲ್ಲ, ಬೆಂಕಿಗೆ ಹೆದರುವುದಿಲ್ಲ. ನೀರು ಹೀರುತ್ತದೆ, ಅದಕ್ಕೇ ಆದ ಅಂಟುಗಾರೆ ಬೇಕು, ಅದು ಅದರ ತಾಪತ್ರಯ. ಬೇಜಾರು ಮಾಡಿಕೊಳ್ಳಬೇಡಿ, ಅಡ್ಡಗೋಡೆಗೆ ನಾನಾದರೆ ಎಎಸಿಯನ್ನೇ ಆರಿಸುತ್ತಿದ್ದೆ.

ನಿಮ್ಮ ಥರ್ಮೋಕೋಲಿಗೆ ಸರಿಯಾದ ಜಾಗ ತಾರಸಿಯ ಇಳಿಜಾರು. ಅಲ್ಲಿ ಶಕ್ತಿ ಹೆಚ್ಚು ಬೇಕಿಲ್ಲ, ಕೆಳಗೆ ತಾರಸಿಯೇ ಹೊತ್ತಿರುತ್ತದೆ. ಕಾಂಕ್ರೀಟನ್ನು ಇನ್ನೂ ಹಗುರ ಮಾಡಬಹುದು. ಘನ ಮೀಟರಿಗೆ 300 ಕಿಲೋ ಸಿಮೆಂಟ್, 150 ಕಿಲೋ ಮರಳು, 135 ಲೀಟರ್ ನೀರು, ಸಡಿಲ ಪುಡಿ 1100 ಲೀಟರಿನಷ್ಟು ಹಾಕಿದರೆ 600 ಕಿಲೋ ಹತ್ತಿರ ಬರುತ್ತದೆ. ಸರಾಸರಿ 10 ಸೆಂಟಿಮೀಟರ್ ದಪ್ಪಕ್ಕೆ ಚದರ ಮೀಟರಿಗೆ 60 ಕಿಲೋ. ಮಾಮೂಲಿ ಗಾರೆಯಾದರೆ 200 ಮೀರುತ್ತಿತ್ತು. ಬಿಸಿಲಿನ ಶಾಖ ತಡೆಯುವುದರಲ್ಲೂ ಮಾಮೂಲಿ ಕಾಂಕ್ರೀಟಿಗಿಂತ ಎಂಟು ಹತ್ತು ಪಟ್ಟು ಮೇಲು. ಆದರೂ ಒಂದು ಮಾತು ಮುಚ್ಚಿಡಬಾರದು. ಈ 10 ಸೆಂಟಿಮೀಟರ್ ಮಾಡುವ ಕೆಲಸವನ್ನು ಎರಡು, ಎರಡೂವರೆ ಸೆಂಟಿಮೀಟರಿನ ಥರ್ಮೋಕೋಲ್ ಹಾಳೆಯೇ ಮಾಡುತ್ತದೆ. ಶಾಖ ಒಂದೇ ನಿಮ್ಮ ಚಿಂತೆಯಾದರೆ ಹಾಳೆ ಸಾಕು. ಇಳಿಜಾರೂ ಬೇಕು, ಭಾರವೂ ಬೇಡ ಅಂದಾಗಲೇ ಈ ಕಾಂಕ್ರೀಟಿಗೆ ಬೆಲೆ.

ಮೇಲೆ ಮೂರು ಸೆಂಟಿಮೀಟರ್ ಗಟ್ಟಿ ಗಾರೆ ಹೊದಿಕೆ ಬೇಕು, ಇಲ್ಲದಿದ್ದರೆ ಓಡಾಡಿದಲ್ಲಿ ಕುಳಿ ಬೀಳುತ್ತದೆ. ಅದರ 60 ಕಿಲೋವನ್ನೂ ಸೇರಿಸಿ ಎಂಜಿನಿಯರಿಗೆ ಹೇಳಿ. ನೀರುತಡೆ ಪದರ ಹಾಕುವ ಮೊದಲು ಪೂರ್ತಿ ಒಣಗಲು ಬಿಡಿ. ಅವಸರದಲ್ಲಿ ಮುಚ್ಚಿದರೆ ಒಳಗಿನ ತೇವ ಬಿಸಿಲಿಗೆ ಆವಿಯಾಗಿ ಪದರ ಗುಳ್ಳೆ ಏಳುತ್ತದೆ. ನಾನು ನೋಡಿದ ಸೋರುವ ತಾರಸಿಗಳಲ್ಲಿ ಎಷ್ಟೋ ಕೆಟ್ಟದ್ದು ಕಾಂಕ್ರೀಟಿನಿಂದಲ್ಲ, ಈ ಅವಸರದಿಂದ.

ಕಸದ ಆಸೆಗೆ ಬರೋಣ. ಈ ತಾರಸಿ ಮಿಶ್ರಣದ ಒಂದು ಘನ ಮೀಟರಿನಲ್ಲಿ ಹೂತುಹೋಗುವ ಪ್ಲಾಸ್ಟಿಕ್ 13 ಕಿಲೋ ಇರಬಹುದು. ರಾಶಿಯಾಗಿ ನೋಡಿದರೆ ಒಂದು ಕೋಣೆಯ ಮೂಲೆ ಖಾಲಿ, ತೂಕದಲ್ಲಿ ಅಷ್ಟೇ. ಅದಕ್ಕೆ ಹಾಕಿದ ಸಿಮೆಂಟ್ 300 ಕಿಲೋ. ಒಂದು ಕಿಲೋ ಸಿಮೆಂಟಿಗೆ 0.8ರಿಂದ 0.9 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿರುತ್ತದೆ. ಕಸ ಕರಗಿಸಲೆಂದೇ ಕಾಂಕ್ರೀಟ್ ಹಾಕುವುದು ಲೆಕ್ಕಕ್ಕೆ ಕೂಡುವುದಿಲ್ಲ. ಹೇಗೂ ಹಾಕಲೇಬೇಕಾದ ಕಡೆ ಹಾಕಿದರೆ ಸರಿ. ಸಿಮೆಂಟಿನ ಕಾಲು ಭಾಗದ ಬದಲು ಹಾರುಬೂದಿ (ಕಲ್ಲಿದ್ದಲು ಸುಟ್ಟ ನುಣ್ಣನೆಯ ಬೂದಿ) ಬಳಸಿದರೆ ಹೊರೆ ತಗ್ಗುತ್ತದೆ, ಗಾರೆ ಜಿಗುಟಾಗಿ ಕಾಳು ತೇಲುವುದೂ ಕಡಿಮೆ. ಆದರೆ ನಿಧಾನ ಗಟ್ಟಿಯಾಗುತ್ತದೆ, ಒದ್ದೆಯಾಗಿಡುವ ದಿನ ಎರಡು ವಾರಕ್ಕೆ ಏರಿಸಿ. ಮಿಕ್ಕ ಶುದ್ಧ ಬಿಳಿ ಥರ್ಮೋಕೋಲನ್ನು ಒತ್ತಿ ಕರಗಿಸಿ ಮತ್ತೆ ಪ್ಲಾಸ್ಟಿಕ್ ಮಾಡುವವರು ಹತ್ತಿರದಲ್ಲಿದ್ದರೆ ಅವರಿಗೇ ಕೊಡಿ. ಅದು ಇನ್ನೂ ಒಳ್ಳೆಯ ದಾರಿ, ಯಾಕೆಂದರೆ ಒಮ್ಮೆ ಸಿಮೆಂಟಿಗೆ ಸೇರಿದ ಕಾಳನ್ನು ಯಾರೂ ಹೊರತೆಗೆಯಲಾರರು.

ಪುಡಿ ಮಾಡುವಾಗ ಬಾಗಿಲು ಹಾಕಿಕೊಳ್ಳಿ. ತುಸು ನೀರು ಚಿಮುಕಿಸಿದರೆ ಕಾಳು ಹಾರುವುದೂ, ಮೈಗೆ ಗೋಡೆಗೆ ಅಂಟುವುದೂ ನಿಲ್ಲುತ್ತದೆ. 5 ಮಿಲಿಮೀಟರ್ ಜರಡಿಯಲ್ಲಿ ಸೋಸಿ. ಮಿಕ್ಸರ್ ತೊಳೆದ ನೀರನ್ನು ಬಟ್ಟೆಯಲ್ಲಿ ಸೋಸದೆ ಚರಂಡಿಗೆ ಬಿಡಬೇಡಿ. ಬಿಟ್ಟ ಕಾಳು ಕೆರೆ ಸೇರುವವರೆಗೂ ತೇಲುತ್ತಲೇ ಇರುತ್ತದೆ.

ನಿಮ್ಮ ಆ 14 ಬ್ಲಾಕನ್ನು ಗೋಡೆಗೆ ಇಡಬೇಡಿ, ಹೊರಗೆ ಬಿಸಿಲಿಗೂ ಇಡಬೇಡಿ. ಬಿಸಿಲಿಗೆ ಮೇಲಿನ ಕಾಳು ಹಳದಿಯಾಗಿ ಪುಡಿ ಉದುರುತ್ತದೆ. ಎಸೆಯುವ ಅವಸರವೂ ಬೇಡ. ಒಂದಕ್ಕೆ ಸ್ಕ್ರೂ ಹಾಕಿ ಎಳೆದು ನೋಡಿ, ಎರಡಕ್ಕೆ ಪ್ಲಾಸ್ಟರ್ ಮೆತ್ತಿ ತಿಂಗಳು ಬಿಡಿ, ಒಂದನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿ. ಮೇಲೆಷ್ಟು ಕಾಳು, ಕೆಳಗೆಷ್ಟು ಗಾರೆ ಎಂದು ಕಣ್ಣಿಗೇ ಕಾಣುತ್ತದೆ. ಮುಂದಿನ ಸಲ ಹೊಸ ಕ್ರಮದಲ್ಲಿ ಬೆರೆಸಿ, ಅದನ್ನೂ ಸೀಳಿ ಪಕ್ಕದಲ್ಲಿಟ್ಟು ನೋಡಿ. ಮೇಲಿಂದ ಕೆಳಗಿನವರೆಗೆ ಚುಕ್ಕೆಗಳು ಒಂದೇ ಸಮ ಕಂಡ ದಿನ ತಾರಸಿಗೆ ಏಣಿ ಹಾಕಿ.